ಬಿಳಿ ಮೆಟ್ಟಿಲಿನಿಂದ ಮೂರು

ಕುರುಗೋಡು
9-8-1974

ನನ್ನ ಮುದ್ದಿನ ಅಕ್ಕಾ,

ಅತ್ತೆಯವರ ಮಣ್ಣಿಗೆ ನೀನು ಬಂದಾಗ ಬರೀ ಅಳುತ್ತಿದ್ದೆ, ಏನೂ ಹೇಳಲಾಗಲಿಲ್ಲ. ಮದುವೆಯಾಗಿ ಎರಡೇ ತಿಂಗಳು! ಇವರು ಬ್ರೂಸ್‌ಪೇಟೆಯಿಂದ ಕದ್ದುಮುಚ್ಚಿ ತಂದ ನೀಲಿ ಬಳೆಗಳ ವಿಷಯ ಪುಟಗಟ್ಟಲೆ ಬರೆಯಬೇಕೆಂದಿದ್ದೆ. ಈಗ ಬಳೆ ಸದ್ದು ಮಾಡಿದರೂ ಹೆದರಿಕೆ. ನನ್ನ ಕಾನ್ವೆಂಟ್ ಕನ್ನಡಕ್ಕೆ ನಗದೆ ಓದು.

ಹಿತ್ತಲಿನ ಮೆಟ್ಟಿಲುಬಾವಿ ನೋಡಿದೆಯಲ್ಲ, ನಡುವೆ ಒಂದು ಮೆಟ್ಟಿಲಿಗೆ ಸುಣ್ಣ ಬಳಿದಿದೆ. ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಲಿಂಗಪೂಜೆಯ ಅಗ್ಗವಣಿ, ಅಂದರೆ ಅಭಿಷೇಕದ ನೀರು, ತಾವೇ ತರಬೇಕು, ಇನ್ನೊಬ್ಬರ ಕೈ ತಾಗಬಾರದು. ನಾದಿನಿ ಜಂಬಮ್ಮ, ಹದಿಮೂರರ ಹುಡುಗಿ, ದಿನಾ ಬೆಳಿಗ್ಗೆ ಬಾವಿಗೆ ಇಣುಕಿ ನೀರು ಬಿಳಿ ಮೆಟ್ಟಿಲಿನಿಂದ ‘ಕೆಳಗ ಮೂರು’ ಎಂದೋ ‘ಮ್ಯಾಲ ಎರಡು’ ಎಂದೋ ಕೂಗುತ್ತಿದ್ದಳು. ಅತ್ತೆ ಎಣಿಸುತ್ತ ಇಳಿದು ತಂಬಿಗೆ ತುಂಬಿಕೊಳ್ಳುತ್ತಿದ್ದರು.

ಅದೇ ಬಾವಿ ತೋರಿಸಿ ನಾನು ಅವಳಿಗೆ ನಿರಪೇಕ್ಷ ಮೌಲ್ಯ ಕಲಿಸಿದೆ. ನೀನು ನನಗೆ ಮಾಡ್ಯುಲಸ್ ಅಂತ ಕಲಿಸಿದ್ದೆಯಲ್ಲ, ಅದೇ. ಬಿಳಿ ಮೆಟ್ಟಿಲು ಸೊನ್ನೆ, ಮೇಲಿನವು ಪ್ಲಸ್, ಕೆಳಗಿನವು ಮೈನಸ್. ಸೊನ್ನೆಯಿಂದ ಎಷ್ಟು ದೂರ ಅಂತ ಮಾತ್ರ ಕೇಳು, ಯಾವ ಕಡೆ ಅಂತ ಕೇಳಬೇಡ ಅಂದೆ. ಎಷ್ಟು ಬೇಗ ಹಿಡಿದಳು ಗೊತ್ತಾ! ಆಮೇಲೆ ನಕ್ಕಳು: “ಪರೀಕ್ಷಾದಾಗ ನಡಿತೈತ್ರಿ ಅತ್ತಿಗಿ. ಅವ್ವಗ ಬರೇ ಮೂರು ಅಂದ್ರ ತಂಬಿಗಿ ನನ್ನ ತಲಿಮ್ಯಾಲ ಬೀಳತೈತಿ.”

ಅತ್ತೆ ಹತ್ತು ದಿನ ಸಿರುಗುಪ್ಪದ ತಮ್ಮನ ಮನೆಗೆ ಹೋಗಿದ್ದರು. ಹೋಗುವಾಗ ನೀರು ಕೆಳಗೆ ಮೂರು. ಅಷ್ಟರಲ್ಲಿ ಕಾಲುವೆಗೆ ನೀರು ಬಿಟ್ಟು ಬಾವಿ ಏರಿತು, ಮೇಲೆ ಮೂರಕ್ಕೆ ಬಂತು. ವಾಪಸ್ಸು ಬಂದ ಮರುದಿನ ಬೆಳಿಗ್ಗೆ ಎಷ್ಟೆಂದು ಕೇಳಿದರು. ‘ಮೂರು’ ಎಂದಷ್ಟೇ ಉತ್ತರ ಬಂತು. ಹಳೆಯ ಅಂದಾಜಿನಲ್ಲೇ ಇಳಿದರು. ಒಣ ಮೆಟ್ಟಿಲೆಂದು ಊರಿದ ಕಾಲು ನೀರಿನೊಳಗೆ ಜಾರಿತು. ತಂಬಿಗೆ ಇನ್ನೂ ಸಿಕ್ಕಿಲ್ಲ, ಅಕ್ಕಾ.

ಮಾವನವರು ಜಂಬಮ್ಮನ ಶಾಲೆ ಬಿಡಿಸಿದ್ದಾರೆ. “ಸಾಲಿ ಕಲ್ತು ಹಡೆದಾಕಿನ್ನ ನುಂಗಿದೆಲ್ಲಲೇ” ಎಂದರು. ಹುಡುಗಿ ಪುಸ್ತಕದ ಚೀಲ ತಂದು ಅವರ ಮುಂದಿಟ್ಟಳು. ತೆಕ್ಕಲಕೋಟೆಯ ಒಬ್ಬ ಎರಡನೇ ಸಂಬಂಧದವನಿಗೆ ಕೊಟ್ಟು ಕೈತೊಳೆದುಕೊಳ್ಳುವ ಮಾತು ನಡೆದಿದೆ. ಭಾವನನ್ನು ಕರೆದುಕೊಂಡು ಬಾ. ಮಾವನವರನ್ನು ಒಪ್ಪಿಸಿ ಅವಳನ್ನು ಬಳ್ಳಾರಿಗೆ ಕರೆದೊಯ್ದು ನಿನ್ನ ಶಾಲೆಗೆ ಸೇರಿಸು. ಅವಳಿಗೆ ಗಣಿತ ಬರುತ್ತದೆ, ನನಗಿಂತ ಚೆನ್ನಾಗಿ.

ನಿನ್ನನ್ನೇ ನಂಬಿರುವ,
ಸರ್ವಮಂಗಳ

ತಾ.ಕ.: ಆ ಬೆಳಿಗ್ಗೆ ಜಂಬಮ್ಮ ಪೂಜೆಗೆ ಪತ್ರಿ ತರಲು ಹೋಗಿದ್ದಳು. ಬಾವಿಯ ಹತ್ತಿರ ಇದ್ದವಳು ನಾನು. ಇವರು ಒಳಗಿನಿಂದ ಕರೆದರೆಂದು ನಗುತ್ತ ಓಡುವಾಗ ‘ಮೂರು, ಅತ್ತೆ’ ಎಂದೆ. ಎಲ್ಲರೂ ಅವಳನ್ನು ಬೈಯುವಾಗ ಅವಳು ನನ್ನ ಮುಖ ನೋಡುತ್ತಿದ್ದಳು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದೆ. ಈಗಲೂ ನೋಡುತ್ತಾಳೆ, ಊಟಕ್ಕೆ ಕೂತಾಗ ಕೂಡ. ಬೇಗ ಬಂದು ಕರೆದುಕೊಂಡು ಹೋಗು. ಈ ಕಾಗದ ಹರಿದುಹಾಕು.