ಬಳ್ಳಿ ಹಬ್ಬಿದ ತೋಳು

ಅಮ್ಮಾ,

ಕೆಲಸಕ್ಕೆ ಹೊರಟೆ, ನಿನ್ನನ್ನು ಎಬ್ಬಿಸಲಿಲ್ಲ. ಹಚ್ಚೆಯನ್ನು ಸೋಪು ನೀರಲ್ಲಿ ಮೆಲ್ಲಗೆ ತೊಳೆದು, ಉಜ್ಜದೆ ಒತ್ತಿ ಒರೆಸು. ಮುಲಾಮು ತೆಳ್ಳಗೆ ಸವರಿದರೆ ಸಾಕು, ಗೋಡೆಗೆ ಸುಣ್ಣ ಬಳಿದ ಹಾಗೆ ಮೆತ್ತಬೇಡ. ಹಕ್ಕಳೆ ಏಳುವಾಗ ತುರಿಸುತ್ತದೆ; ದಮ್ಮಯ್ಯ ಅಂತೀನಿ, ಕೆರೆಯಬೇಡ.

ಬಿಗಿ ತೋಳು ಅದಕ್ಕೆ ಆಗುವುದಿಲ್ಲ ಅಂತ ನಿನ್ನ ಉದ್ದ ತೋಳಿನ ಅಂಗಿಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗದ ಕೈ ಒಯ್ದಿದ್ದೇನೆ. ಬೈಯುವುದಿದ್ದರೆ ಸಂಜೆ ಬೈ. ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆಯನ್ನು ಇಷ್ಟು ವರ್ಷ ಮುಚ್ಚಿಕೊಂಡು ಓಡಾಡಿದ್ದು ಸಾಕು, ಈಗ ಅದರ ಮೇಲೆ ಬಳ್ಳಿ ಹಬ್ಬಿದೆ. ಇವತ್ತು ಅಂಗಡಿಗೆ ಗಿಡ್ಡ ತೋಳಲ್ಲೇ ಹೋಗು. ಬಿಸಿಲಲ್ಲಿ ನಿಲ್ಲಬೇಡ, ಅಷ್ಟೆ.

“ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ” ಅಂದು ನಿನ್ನ ಜೊತೆ ಮಾತು ಬಿಟ್ಟಿರುವ ಅಪ್ಪ, ಬೆಳಿಗ್ಗೆ ಮೆಲ್ಲಗೆ ನನ್ನನ್ನು ಕೇಳಿದರು, “ಆ ಬಳ್ಳೀಲಿರೋದು ಯಾವ ಹೂವು?”

ಗೊತ್ತಿದ್ದೂ ಹೇಳಲಿಲ್ಲ. ನಿನ್ನನ್ನೇ ಕೇಳಲಿ.