ಎಡಬಾಗಿಲಿನ ಗೀರು

ಅಪ್ಪಾಜಿ,

ಸುದ್ದಿ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಕಾಗದದ ಕೊನೆಯ ಸಾಲನ್ನೇ ಮೊದಲು ಓದುತ್ತೀರಿ. ನಿಮ್ಮ ಕಾರಿಗೆ ನಾನೇ ಬಣ್ಣ ಹೊಡೆದೆ. ನಮ್ಮ ಮನೆಯ ಅಂಗಳದಲ್ಲಿ, ನನ್ನ ಕೈಯಾರೆ. ಬೈಯುವುದಿದ್ದರೆ ಪೂರ್ತಿ ಓದಿಕೊಂಡು ಬೈಯಿರಿ.

ನೀವು ಹೋದ ದಿನ ಕಾರಿನ ಕೀಲಿ ಟಿವಿ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಎರಡು ವರ್ಷ ಅಲ್ಲೇ ಇತ್ತು. ಅಣ್ಣ ಹಿರಿಯೂರಿನಿಂದ ಬಂದಾಗಲೆಲ್ಲ ಸ್ಟಾರ್ಟ್ ಮಾಡಿ, ಹೊಸದುರ್ಗದ ಬಸ್ ಸ್ಟ್ಯಾಂಡಿನವರೆಗೆ ಒಂದು ಸುತ್ತು ಹೊಡೆದು ಬಂದು ಮತ್ತೆ ಮೊಳೆಗೆ ಹಾಕುತ್ತಿದ್ದ. ಲೈಸೆನ್ಸ್ ಇಟ್ಟುಕೊಂಡ ನಾನು ಹೊಳಲ್ಕೆರೆಯ ಶಾಲೆಗೆ ಬಸ್ಸಿನಲ್ಲೇ ಹೋಗುತ್ತಿದ್ದೆ. ಬೇಡ ಅನ್ನುವುದಕ್ಕೆ ನೀವೇ ಇರಲಿಲ್ಲ. ಆದರೂ ಆ ಮೊಳೆಯ ಹತ್ತಿರ ಕೈ ಹೋಗುತ್ತಿರಲಿಲ್ಲ, ಯಾಕೋ...

ಈ ಸಲ ಕಾರಿಗೆ ಹದಿನೈದು ವರ್ಷ ತುಂಬಿತು. ನೋಂದಣಿ ಮುಂದುವರಿಸಬೇಕೆಂದು ಅಣ್ಣ ಚಿತ್ರದುರ್ಗದ ಆರ್‌ಟಿಒ ಕಚೇರಿಗೆ ಒಯ್ದ. ಅಲ್ಲಿಯ ಇನ್‌ಸ್ಪೆಕ್ಟರ್ ಸುತ್ತ ನೋಡಿ, "ಇಂಜಿನ್ ಚೆನ್ನಾಗೈತೆ, ಬಾಡಿ ತುಕ್ಕು ಹಿಡಿದೈತೆ. ಬಣ್ಣ ಮಾಡಿಸ್ಕಂಡು ತಿಂಗಳೊಳಗೆ ಬರ್ರಿ" ಅಂದು ಕಳಿಸಿದರಂತೆ. ಅಣ್ಣ ಮನೆಗೆ ಬಂದವನೇ, "ಗುಜರಿಗೆ ಹಾಕಾಣ ಬಿಡು. ಯಾರು ಓಡಿಸ್ತಾರೆ ಇದನ್ನ?" ಅಂದ. ನಾನು ಓಡಿಸ್ತೀನಿ ಅಂದೆ. ಅವನು ನಕ್ಕ. ಯಾಕೆ ನಕ್ಕ ಅಂತ ನಿಮಗೆ ಬಿಡಿಸಿ ಹೇಳಬೇಕೇ?

ಎಂಟು ವರ್ಷದ ಹಿಂದೆ, ಲೈಸೆನ್ಸ್ ಬಂದ ಮರುವಾರ, ಅವ್ವನನ್ನು ಒಂದು ನಾಮಕರಣಕ್ಕೆ ಕರೆದೊಯ್ಯಲು, ಅವಳಿನ್ನೂ ಒಳಗೆ ಸೀರೆ ಉಡುತ್ತಿರುವಾಗಲೇ, ಕಾರು ಹೊರಗೆ ತೆಗೆಯುತ್ತಿದ್ದೆ. ಗೇಟಿನ ಎಡಗಂಬಕ್ಕೆ ಕಾರಿನ ಎಡಗಡೆಯ ಹಿಂಬಾಗಿಲು ಕರ್ರೆಂದು ಉಜ್ಜಿತು. ನೀವು ಜಗಲಿಯಿಂದ ಇಳಿದು ಬಂದಿರಿ. ಬಗ್ಗಿ, ಗೀರಿನ ಮೇಲೆ ಬೆರಳಾಡಿಸಿದಿರಿ. "ಆಯ್ತು. ಕೀಲಿ ಇತ್ಲಾಗೆ ಕೊಡು" ಅಂದಿರಿ. ಅಷ್ಟೇ. ಆ ಕೀಲಿ ಮತ್ತೆ ನನ್ನ ಕೈಗೆ ಬರಲಿಲ್ಲ. ಗೀರನ್ನಾದರೂ ಮುಚ್ಚಿಸಿದಿರಾ? ಅದೂ ಇಲ್ಲ. ಮನೆಗೆ ಬಂದ ನೆಂಟರನ್ನೆಲ್ಲ ಕರೆದು, "ನೋಡ್ರಿ, ನಮ್ಮ ಟೀಚರಮ್ಮ ಬರೆದಿರೋ ಅಕ್ಷರ" ಅಂತ ತೋರಿಸುತ್ತಿದ್ದಿರಿ. ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ನನಗೆ ನೋವಾಗಿತ್ತು ಅಪ್ಪಾಜಿ. ಎದುರಿಗೆ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಊರಿನ ಪೇಂಟರ್‌ನನ್ನು ಕೇಳಿದರೆ, ಕೈತುಂಬಾ ಕೆಲಸ ಐತೆ, ದೀಪಾವಳಿ ಕಳೀಲಿ ಅಂದ. ಅಷ್ಟರಲ್ಲಿ ಗಡುವು ಮುಗಿಯುತ್ತಿತ್ತು. ನನಗೆ ದಸರಾ ರಜೆ ಇತ್ತು. ಮೊಬೈಲಿನಲ್ಲಿ ನಾಲ್ಕು ದಿನ ವಿಡಿಯೋ ನೋಡಿದೆ. ನಮ್ಮ ಬೀದಿಯಲ್ಲಿ ಮಂಚ, ಬಾಗಿಲಿಗೆ ಪಾಲಿಶ್ ಹೊಡೆಯುವವರಿಂದ ಕಂಪ್ರೆಸರ್, ಸ್ಪ್ರೇ ಗನ್ ತಂದೆ. ಧೂಳಿಗೆ ಏನು ಮಾಡುವುದು? ಪಕ್ಕದ ಕೊಬ್ಬರಿ ಅಂಗಡಿಯಿಂದ ತೆಂಗಿನ ನಾರು ಗಾಳಿಗೆ ಹಾರಿ ಬರುತ್ತದೆ, ಹಸಿ ಬಣ್ಣಕ್ಕೆ ಕೂತರೆ ಮುಗಿಯಿತು. ಅವ್ವ ಒಳಗೆ ಹೋಗಿ ಟ್ರಂಕು ತೆಗೆದು ನಿಮ್ಮ ಆರು ಪಂಚೆ ತಂದಳು. "ಇವು ಯಾರುಟ್ಕಂತಾರೆ? ಕಟ್ಟು" ಅಂದಳು. ಅವನ್ನು ಹೊಲಿದು ಕಾರಿನ ಸುತ್ತ ಪರದೆ ಕಟ್ಟಿದೆವು. ಒಳಗೆ ನಿಂತಾಗ ನಿಮ್ಮ ಪಂಚೆಗಳಿಂದ ಟ್ರಂಕಿನ ನುಸಿಗುಳಿಗೆ ವಾಸನೆ ಬರುತ್ತಿತ್ತು.

ಎರಡನೆಯ ದಿನ ನನ್ನ ಗೀರಿನ ಸರದಿ ಬಂತು. ಎಮರಿ ಪೇಪರ್ ನೀರಿನಲ್ಲಿ ಅದ್ದಿ ಉಜ್ಜಿದೆ. ಸ್ವಲ್ಪ ಸಿಟ್ಟಿನಿಂದಲೇ ಉಜ್ಜಿದೆ ಅನ್ನಿ. ಬಿಳಿ ಬಣ್ಣ ಹೋಯಿತು, ಇನ್ನು ತಗಡು ಬರಬೇಕು. ತಗಡು ಬರಲಿಲ್ಲ. ಉಗುರಿನ ದಪ್ಪ ಪುಟ್ಟಿ ಬಂತು, ತಗ್ಗಾದ ತಗಡನ್ನು ಮಟ್ಟ ಮಾಡಲು ಮೆತ್ತುತ್ತಾರಲ್ಲ, ಅದು. ನನ್ನ ಗೀರು ಒಂದು ಗೇಣು. ಈ ಪುಟ್ಟಿ ಬಾಗಿಲಿನ ಈ ತುದಿಯಿಂದ ಆ ತುದಿಯವರೆಗೆ! ಶೋರೂಮಿನವರೇ ನಮಗೆ ಜಜ್ಜಿದ ಕಾರು ಕೊಟ್ಟು ಮೋಸ ಮಾಡಿದ್ದಾರೆ ಅಂದುಕೊಂಡೆ. ಅವ್ವನನ್ನು ಕೂಗಿದೆ.

ಅವ್ವ ಬಂದು ನೋಡಿ, ಸೆರಗಿಗೆ ಕೈ ಒರೆಸಿಕೊಂಡು ಗೇಟಿನ ಕಡೆ ಮುಖ ತಿರುಗಿಸಿದಳು. "ಅದಾ? ಅದು ನಿಮ್ಮಪ್ಪಾಜಿ ತಾಗ್ಸಿದ್ದು."

"ಯಾವಾಗ?"

"ಕಾರು ತಂದು ಹದಿನೈದು ದಿನ ಆಗಿರ್ಲಿಲ್ಲ. ನೀನು ಬಿ.ಎಡ್. ಹಾಸ್ಟೆಲ್‌ನಾಗಿದ್ದೆ. ಹಿರಿಯೂರಿಗೆ ಸರ್ವೀಸಿಗೆ ಬಿಟ್ಟೀನಿ ಅಂತ ಹೇಳಿ ಬಣ್ಣ ಮಾಡಿಸ್ಕಂಡು ಬಂದ್ರು. ಮಕ್ಕಳಿಗೆ ಹೇಳಬ್ಯಾಡ ಅಂದ್ರು."

"ಇದೇ ಕಂಬಕ್ಕಾ?"

"ಇನ್ಯಾವ ಕಂಬ ಐತೆ ನಮ್ಮನೇಲಿ?"

"ನನ್ನ ಕೈಯಿಂದ ಕೀಲಿ ಇಸ್ಕಂಡಾಗ ಆದ್ರೂ ಹೇಳಬೌದಿತ್ತಲ್ಲವ್ವ."

"ಹೇಳಬೌದಿತ್ತು. ಅವತ್ತು ರಾತ್ರಿ ಉಣ್ಣಲಿಲ್ಲ ಕಣೆ ಅವ್ರು. ನಾನು ತಾಗ್ಸಿದ್ ಜಾಗದಾಗೇ ಮಗಳೂ ತಾಗ್ಸಿದ್ಲು, ಮುಂದಕ್ಕೆ ರೋಡಿನಾಗೆ ಏನಾದ್ರೂ ಆದ್ರೆ ಅಂತ ಅವ್ರಿಗೆ ಭಯ..." ಅವ್ವ ಅನ್ನಕ್ಕೆ ಇಟ್ಟಿದ್ದೇನೆ ಅಂತ ಒಳಗೆ ಹೋದಳು.

ಮನೆ ಕಟ್ಟಿಸುವಾಗ ನೀವು ದಾರ ಹಿಡಿದು ಅಂಗಳದಲ್ಲಿ ನಿಂತದ್ದು ಆಗ ನೆನಪಾಯಿತು. ಗೇಟು ನಡುವೆ ಇರಬೇಕಿತ್ತು. ವಾಸ್ತು ನೋಡುವವರು ಒಂದೂವರೆ ಅಡಿ ಪೂರ್ವಕ್ಕೆ ಅಂದರು, ನೀವು ಸರಿಸಿದಿರಿ. ಆಗ ಮನೆಯಲ್ಲಿದ್ದದ್ದು ಸ್ಕೂಟರ್, ಸಲೀಸಾಗಿ ಹೋಗುತ್ತಿತ್ತು. ಕಾರು ಬಂದ ಮೇಲೆ ಆ ಕಂಬ ತಿರುವಿನಲ್ಲೇ ಅಡ್ಡ ನಿಂತಿತು. ಹಾಗಾಗಿಯೇ ಪ್ರತಿ ಸಲ ಅವ್ವ ಮುಂಚೆಯೇ ಹೋಗಿ ಕಂಬದ ಪಕ್ಕ ನಿಲ್ಲಬೇಕಿತ್ತು, ಅಲ್ಲವೇ? ಮದುವೆಗೆ ಹೊರಟ ರೇಷ್ಮೆ ಸೀರೆಯಲ್ಲೂ, "ಬರ್ರಿ, ಬರ್ರಿ, ಹಾಂ, ಬಲಕ್ಕೆ" ಅನ್ನುತ್ತಾ. ಕಾರು ರಸ್ತೆ ಮುಟ್ಟಿದ ಮೇಲೆ ಅವಳು ಧೂಳು ಕೊಡವಿಕೊಂಡು ಹತ್ತುತ್ತಿದ್ದಳು. ಅದೊಂದು ನಿಮ್ಮ ಶಾಸ್ತ್ರ ಅಂದುಕೊಂಡಿದ್ದೆ ನಾನು.

ಸೋಮವಾರ ಸೋಮವಾರ ನೀವು ಕಾರು ತೊಳೆದು, ಬಾನೆಟ್ಟಿಗೆ ವಿಭೂತಿ ಎಳೆದು ನಡುವೆ ಕುಂಕುಮ ಇಡುತ್ತಿದ್ದಿರಿ. ಆ ಕುಂಕುಮ ನನ್ನನ್ನು ಎರಡು ದಿನ ಸತಾಯಿಸಿತು. ಬಿಳಿ ಹೊಡೆದು ಮಲಗಿದರೆ ಬೆಳಿಗ್ಗೆ ಅದೇ ಜಾಗದಲ್ಲಿ ಗುಲಾಬಿ ಬೊಟ್ಟು. ಇನ್ನೊಂದು ಕೋಟು ಹೊಡೆದೆ, ಮತ್ತೆ ಬಂತು. "ಅವ್ರು ಬಿಡಲ್ಲ ಕಣೆ" ಅಂದಳು ಅವ್ವ, ಅರ್ಧ ತಮಾಷೆ, ಅರ್ಧ ನಿಜ. ಹಳೆಯ ಕುಂಕುಮದ ಬಣ್ಣ ಥಿನ್ನರಿನಲ್ಲಿ ಕರಗಿ ಮೇಲೇಳುತ್ತದೆ. ಹತ್ತನೇ ತರಗತಿಗೆ ದ್ರಾವಕದ ಪಾಠ ಮಾಡುವವಳಿಗೆ ಅದು ಹೊಳೆಯಲು ಎರಡು ದಿನ ಬೇಕಾಯಿತು. ಕೊನೆಗೆ ತಗಡು ಕಾಣುವವರೆಗೆ ಉಜ್ಜಿದೆ. ನಿಮ್ಮ ಪುಟ್ಟಿಯನ್ನೂ ಅಷ್ಟೇ, ಪೂರ್ತಿ ಕಿತ್ತು ಹೊಸದು ಮೆತ್ತಿದೆ. ಸಿಟ್ಟು ಎಲ್ಲಿ ಇಳಿಯಿತೋ ಗೊತ್ತಿಲ್ಲ. ಕೈ ಮಾತ್ರ ಬಹಳ ನೋಯುತ್ತಿತ್ತು.

ಚಿತ್ರದುರ್ಗಕ್ಕೆ ನಾನೇ ಓಡಿಸಿಕೊಂಡು ಹೋದೆ. ಅವತ್ತೂ ಅವ್ವ ಕಂಬದ ಪಕ್ಕ ನಿಂತು ದಾರಿ ತೋರಿಸಿದಳು. ಇನ್‌ಸ್ಪೆಕ್ಟರ್ ಎಡಬಾಗಿಲಿನ ಮೇಲೆ ಕೈ ಸವರಿ, "ಎಲ್ಲಿ ಮಾಡ್ಸಿದ್ರಿ ಮೇಡಮ್?" ಅಂದರು. ಮನೆಯಲ್ಲೇ ಅಂದೆ. "ಕೆಳಗೆ ಒಂದ್ಕಡೆ ಬಣ್ಣ ಸೋರೈತೆ ನೋಡ್ರಿ" ಅಂದು ಸಹಿ ಹಾಕಿದರು. ಇನ್ನು ಐದು ವರ್ಷ ಚಿಂತೆಯಿಲ್ಲ. ಅಣ್ಣನಿಗೆ ಫೋನ್ ಮಾಡಿದೆ. ಈ ಸಲ ನಗಲಿಲ್ಲ.

ಇನ್ನೊಂದು ಸುದ್ದಿ ಇದೆ. ಮೊನ್ನೆ ಮೇಸ್ತ್ರಿಯನ್ನು ಕರೆಸಿ ಎಡಗಂಬ ಕೆಡವಿಸಿದೆ, ಒಂದೂವರೆ ಅಡಿ ಆಚೆ ಹೊಸದು ಕಟ್ಟಿಸಿದೆ. ವಾಸ್ತು ಕೆಟ್ಟಿರಬಹುದು. ಕೆಡಲಿ ಅಪ್ಪಾಜಿ. ತಪ್ಪು ನಿಮ್ಮದೂ ಅಲ್ಲ, ನನ್ನದೂ ಅಲ್ಲ, ಆ ಕಂಬದ್ದು. ನೆಂಟರು ಬಂದರೆ ಇನ್ನು ನಾನೂ ಹಾಗೇ ಹೇಳುತ್ತೇನೆ.

ಇವತ್ತು ಬೆಳಿಗ್ಗೆ ಚಿಕ್ಕಜಾಜೂರಿಗೆ ಮದುವೆಗೆ ಹೊರಟೆವು. ಅವ್ವ ಅಭ್ಯಾಸದ ಮೇಲೆ ಗೇಟಿನ ಕಡೆ ನಾಲ್ಕು ಹೆಜ್ಜೆ ಹೋದಳು. ಕಂಬ ಇದ್ದ ಜಾಗ ನೋಡಿದಳು. ಹಿಂದಕ್ಕೆ ಬಂದು ಮುಂದಿನ ಸೀಟಿನಲ್ಲಿ ಕೂತು, ರೇಷ್ಮೆ ಸೆರಗು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡಳು. ಹದಿನೈದು ವರ್ಷದಲ್ಲಿ ಇದೇ ಮೊದಲು, ಅವ್ವ ಗೇಟಿನ ಒಳಗೇ ಕಾರು ಹತ್ತಿದ್ದು.

ನಿಮ್ಮ ಟೀಚರಮ್ಮ