ಒಂದೇ ಬೆರಳಿಗೆ ತೆರೆದ ಕಿಟಕಿ

ಪ್ರೀತಿಯ ಅಣ್ಣನಿಗೆ,

ಹಾಲ್‌ಗೆ ಅಲ್ಯೂಮಿನಿಯಂ ಕಿಟಕಿ ಆರ್ಡರ್ ಮಾಡಿದ್ದರೆ ದಯವಿಟ್ಟು ರದ್ದು ಮಾಡು. ಸಿಡುಕದೆ ಪೂರ್ತಿ ಓದು.

ಇವತ್ತು ಬೆಳಿಗ್ಗೆ ಹಳೆಯದನ್ನು ಕೀಳಲು ಬಡಗಿ ಬಂದಿದ್ದರು. ಸುತ್ತಿಗೆ ಎತ್ತಿದವರು ಹಾಗೇ ನಿಂತು, ಚೌಕಟ್ಟಿನ ಮೇಲೆ ಕೈಯಾಡಿಸಿ, "ಇದನ್ನ ಮಾಡಿದ್ದು ಯಾರು?" ಎಂದು ಕೇಳಿದರು.

ಅಪ್ಪ ತಲೆ ತಗ್ಗಿಸಿದರು. "ನಾನೇ. ಹಸಿ ಮರ ಹಾಕಿ ಕೆಡಿಸಿಬಿಟ್ಟೆ. ಉಬ್ಬಿಕೊಂಡು ತೆರೆಯೋಕೇ ಬರಲ್ಲ."

ಆ ನಾಚಿಕೆಗೆ ಅವರು ಮತ್ತೊಂದು ಕಿಟಕಿ ಮಾಡಲಿಲ್ಲ, ಬರೀ ಸ್ಟೂಲು, ಪೆಟ್ಟಿಗೆ ಮಾಡಿಕೊಂಡೇ ಕಾಲ ಕಳೆದರು. ನಿನಗೆ ಗೊತ್ತಲ್ಲ.

ಬಡಗಿ ಸಂದಿಯಲ್ಲಿ ಚಾಕು ಎಳೆದರು. ಬಣ್ಣ ಸಿಪ್ಪೆಯಂತೆ ಸುಲಿದು ಬಂತು. ಮೊದಲು ಬೂದು, ಆಮೇಲೆ ನೀಲಿ, ಹಸಿರು. ಎಲ್ಲಕ್ಕಿಂತ ಅಡಿಯಲ್ಲಿ ಬಿಳಿ. ಚಿಕ್ಕವರಿದ್ದಾಗ, ಕಿಟಕಿ ಕೂರಿಸಿದ ಹೊಸದರಲ್ಲಿ, ಅಪ್ಪ ಮನೆಯಲ್ಲಿಲ್ಲದಾಗ ಅವರಿಗೆ ಖುಷಿಯಾಗಲಿ ಅಂತ ನಾವಿಬ್ಬರೂ ಸಂದಿಯೇ ಕಾಣದಂತೆ ಬಳಿದೆವಲ್ಲ, ಅದೇ ಬಿಳಿ.

ಆಮೇಲೆ ಬಡಗಿ ಒಂದೇ ಬೆರಳಿನಿಂದ ತಳ್ಳಿದರು. ತೆರೆದುಕೊಂಡಿತು, ಅಣ್ಣ! ಕಿರ್ ಎನ್ನಲೂ ಇಲ್ಲ. ಮರ ಉಬ್ಬಿರಲೇ ಇಲ್ಲ, ನಮ್ಮ ಬಣ್ಣವೇ ಅಂಟಿ ಹಿಡಿದಿತ್ತು. "ಇಂಥದ್ದನ್ನ ಕೀಳೋಕೆ ನನಗೆ ಕೈ ಬರಲ್ಲ. ಒಡೆದ ಗಾಜು ಬದಲಾಯಿಸಿ, ಅಂಚಿಗೆ ರಬ್ಬರ್ ಪಟ್ಟಿ ಹಾಕ್ಸಿ, ಸಾಕು," ಎಂದರು. ಅಪ್ಪನಿಗೆ ಕೈ ಮುಗಿದು, ಕೂಲಿ ಮುಟ್ಟದೆ ಹೊರಟುಹೋದರು.

ಅಪ್ಪ ಆ ಬಿಳಿ ಸಿಪ್ಪೆಯನ್ನು ನೋಡಿದರು, ನನ್ನನ್ನು ನೋಡಿದರು. ಆಗಿನಿಂದ ಕಿಟಕಿ ತೆಗೆಯುತ್ತಿದ್ದಾರೆ, ಮುಚ್ಚುತ್ತಿದ್ದಾರೆ. ಊಟಕ್ಕೆ ಕರೆದರೂ ಬಂದಿಲ್ಲ.

ಭಾನುವಾರ ರಬ್ಬರ್ ಪಟ್ಟಿ ತೆಗೆದುಕೊಂಡು ಬಾ. ಗಾಜಿಗೆ ಇಲ್ಲೇ ಹೇಳಿದ್ದೇನೆ. ಅಪ್ಪನ ಮುಂದೆ ತಪ್ಪೊಪ್ಪಿಕೊಳ್ಳಲು ಮಾತ್ರ ನಾನೊಬ್ಬಳೇ ಸಾಲುವುದಿಲ್ಲ.

ದಾರಿ ನೋಡುತ್ತಿರುವ,
ನಿನ್ನ ತಂಗಿ